ಗುಮ್ಮಣ್ಣನ ಮೊದಲ ಓಟ

ಮಾರಾಟಕ್ಕೆ ಬಂದ ಮಾಲಿನ ಹಾಗೆ ನೋಡಿದರೆ ಗುಮ್ಮಣ್ಣನಿಗೆ ಗಿರಾಕಿ ಸಿಗುವುದು ಕಷ್ಟ. ವಯಸ್ಸು ಐವತ್ತೆಂಟು. ಎಡಗಿವಿ ಮಂದ. ಎಂಜಿನ್ನಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಾಗೆಯೇ ನಿಂತುಬಿಟ್ಟಿದೆ. ಮಾತನ್ನು ತೂಕಕ್ಕೆ ಹಾಕಿದರೆ ದಿನಕ್ಕೊಂದು ಹಿಡಿಯೂ ಆಗದು. ಅದಕ್ಕೇ ಆ ಹೆಸರು. ಕೆಲಸ ಮಾತ್ರ ಅಪ್ಪಟ. ಸರೋವರದ ದಡದಲ್ಲಿ ಹಳೆಯ ಮೋಟಾರ್ ಬೋಟ್ ಕೊಂಡು ಮಾರುವ ನಾನು ಇಪ್ಪತ್ತು ವರ್ಷದಿಂದ ಅವನ ರಿಪೇರಿಯನ್ನು ನಂಬಿಯೇ ಉಂಡಿದ್ದೇನೆ.

ನನ್ನ ರಿಪೇರಿ ಶೆಡ್ಡಿನ ಮೇಲಿನ ಕೋಣೆಯಲ್ಲಿ ಅವನೊಬ್ಬನದೇ ವಾಸ. ಹೆಂಡತಿ ತೀರಿಕೊಂಡ ಮೇಲೆ ಎರಡನೆಯ ಕುರ್ಚಿಯನ್ನು ಕೆಳಗೆ ತಂದು ಅದರ ಮೇಲೆ ಗ್ರೀಸ್ ಡಬ್ಬ ಇಟ್ಟ. "ಮೇಲೆ ಅದಕ್ಕೇನು ಕೆಲಸ?" ಅಂದ. ಮಧ್ಯಾಹ್ನ ಒಂದು ಗಂಟೆಗೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಉಣ್ಣುತ್ತಾನೆ. ಕರೆದರೂ ನಮ್ಮ ಮನೆಗೆ ಬಂದವನಲ್ಲ. ನಾನೂ ಎರಡು ಸಲಕ್ಕಿಂತ ಹೆಚ್ಚು ಕರೆದವನಲ್ಲ, ಅದೂ ನಿಜ.

ಅವನದೊಂದು ಹಠವಿದೆ. ಎಂಜಿನ್ನಿಗೆ ಏನೇ ಹೊಸದು ಸೇರಿಸಲಿ, ಮೊದಲ ಓಟ ಅವನೊಬ್ಬನದೇ. ಮಾಲೀಕನಾದರೂ ದಡದಲ್ಲೇ ನಿಲ್ಲಬೇಕು. ಕಾರಣ ಕೇಳಿದರೆ, "ನನ್ನ ದಾರಿ ನೋಡೋರು ಯಾರೂ ಇಲ್ವಲ್ಲ, ಸಾಹುಕಾರ್ರೇ" ಎನ್ನುತ್ತಾನೆ, ಇವತ್ತು ಗಾಳಿ ಕಡಿಮೆ ಎಂದಷ್ಟೇ ಸಲೀಸಾಗಿ.

ಕಳೆದ ಬೇಸಿಗೆಯಲ್ಲಿ ನನ್ನ ಅಳಿಯನಿಗೆ ಒಂದು ಬೋಟ್ ಕೊಟ್ಟೆ. ಪಂದ್ಯದಲ್ಲಿ ಆಚೆ ದಡದ ವ್ಯಾಪಾರಿಯ ಬೋಟನ್ನು ಹಿಂದೆ ಹಾಕಬೇಕೆಂಬ ಆಸೆ ಅವನಿಗಿತ್ತು. ನನಗೆ ಅವನಿಗಿಂತ ಹೆಚ್ಚು. ನೈಟ್ರಸ್ ಆಕ್ಸೈಡ್ ಸಿಲಿಂಡರ್ ಕೂಡಿಸೋಣ ಎಂದೆ. ಆ ಅನಿಲ ಒಳಗೆ ಹೋದರೆ ಎಂಜಿನ್ ಹೆಚ್ಚು ಪೆಟ್ರೋಲ್ ಉರಿಸಿ ಕೆಲವು ಕ್ಷಣ ಹುಚ್ಚು ಹಿಡಿದಂತೆ ಓಡುತ್ತದೆ.

ಗುಮ್ಮಣ್ಣ ಮೂರು ದಿನ ಕೂತು ಕೂಡಿಸಿದ. ಸಿಲಿಂಡರನ್ನು ನೆರಳಿನಲ್ಲಿ ಪಟ್ಟಿ ಬಿಗಿದು ನಿಲ್ಲಿಸಿದ. ಥ್ರಾಟಲ್ ಪೂರ್ತಿ ಎಳೆದಾಗ ಮಾತ್ರ ಅನಿಲ ಬಿಡುವ ಸ್ವಿಚ್ಚು ಹಾಕಿದ. ಅನಿಲದ ಕೊಳವೆಗೊಂದು, ಪೆಟ್ರೋಲಿನ ಕೊಳವೆಗೊಂದು, ಹರಿವನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ ತಿರುಗಿಸಿ ಕೂರಿಸಿದ. ನಡುವೆ ಸೂಜಿ ತೂರುವಷ್ಟು ತೂತು. ಎರಡೂ ಚಿಕ್ಕವು.

"ದೊಡ್ಡದು ಪೊಟ್ಟಣದಲ್ಲೇ ಇದೆಯಲ್ಲೋ," ಎಂದೆ.

"ಇರಲಿ ಬಿಡಿ. ಈ ಎಂಜಿನ್ನಿಗೆ ಇಷ್ಟೇ ಜೀರ್ಣ ಆಗೋದು."

"ಆಚೆಯವನು ನಮ್ಮನ್ನ ನೋಡಿ ಹಲ್ಲು ಕಿರಿಯೋದು ಗ್ಯಾರಂಟಿ, ಮಾವ," ಎಂದ ಅಳಿಯ.

ಆ ಮಾತು ನನಗೆ ನಾಟಿತು. ಗುಮ್ಮಣ್ಣ ಉಣ್ಣಲು ಮೇಲೆ ಹೋದ, ಅಳಿಯ ಲೈಫ್ ಜಾಕೆಟ್ ತರಲು ಹೋದ. ನಾನು ಸ್ಪ್ಯಾನರ್ ಹಿಡಿದು ಅನಿಲದ ಜೆಟ್ ಬಿಚ್ಚಿ ದೊಡ್ಡದನ್ನು ಕೂರಿಸಿದೆ. ಪೆಟ್ರೋಲಿನದನ್ನು ಮುಟ್ಟಲಿಲ್ಲ. ಅನಿಲ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚಬೇಕು, ಇಲ್ಲದಿದ್ದರೆ ಪಿಸ್ಟನ್ನೇ ಕರಗಿಹೋಗುತ್ತದೆ ಎಂಬುದು ಈ ಬುದ್ಧಿವಂತ ವ್ಯಾಪಾರಿಗೆ ಗೊತ್ತಿರಲಿಲ್ಲ.

ಗುಮ್ಮಣ್ಣ ಕೆಳಗಿಳಿದು ಬರುವಷ್ಟರಲ್ಲಿ ಅಳಿಯ ಬೋಟಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ.

"ಇಳಿ."

"ನನ್ನ ಬೋಟಲ್ಲಿ ನಾನು ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ, ಗುಮ್ಮಣ್ಣ?"

"ಮನೇಲಿ ಹುಡುಗಿ ಕಾಯ್ತಿರ್ತಾಳೆ. ಇಳಿಯಪ್ಪ."

"ಕೂತಿರಲಿ ಬಿಡೋ," ಎಂದೆ ನಾನು, ದೊಡ್ಡ ಮನುಷ್ಯನ ಹಾಗೆ.

ಗುಮ್ಮಣ್ಣ ಬೀಗದ ಕೈ ಜೇಬಿಗೆ ಹಾಕಿಕೊಂಡು ಕೈಕಟ್ಟಿ ಕೂತ. ಅಳಿಯ ಗೊಣಗುತ್ತ ಇಳಿದ.

ಬೋಟ್ ಮೂಗೆತ್ತಿ ಹಾರಿತು. ಅಳಿಯ ಸಿಳ್ಳೆ ಹಾಕಿದ. ನಾಲ್ಕು ಎಣಿಸುವಷ್ಟರಲ್ಲಿ ಢಬ್ ಎಂದು ಸದ್ದು, ಹಿಂದೆಯೇ ಬೆಂಕಿ. ಎಂಜಿನ್ನಿಗೆ ಮುಚ್ಚಳವೂ ಆಗಿದ್ದ ಹಿಂದಿನ ಸೀಟು ಕಿತ್ತು ಹಾರಿ ನೀರಿಗೆ ಬಿತ್ತು. ನಾವು ಇನ್ನೊಂದು ಬೋಟಿನಲ್ಲಿ ತಲುಪಿದಾಗ ಗುಮ್ಮಣ್ಣ ಬೆಂಕಿ ಆರಿಸಿ, ಸುಟ್ಟ ಬಲಗೈಯನ್ನು ನೀರಿನಲ್ಲಿ ಇಳಿಬಿಟ್ಟು ಕೂತಿದ್ದ.

ಆಸ್ಪತ್ರೆಯಲ್ಲಿ ಗುಮಾಸ್ತೆ, "ಸಂಬಂಧಿಕರು ಯಾರು?" ಎಂದು ಕೇಳಿದಳು.

"ಇಲ್ಲ ಅಂತ ಬರ್ಕೊಳ್ಳಿ," ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ಹೇಳಲು ಬಾಯಿ ಬರಲಿಲ್ಲ.

ಅಳಿಯ ವಿಚಾರಿಸಿದಾಗ, "ಹಳೇ ಎಂಜಿನ್ನು, ತಡೀಲಿಲ್ಲ" ಎಂದಷ್ಟೇ ಹೇಳಿದ. ಅಳಿಯ ಆಚೆ ಹೋದ ಮೇಲೆ ನಾನು ಬಾಯಿ ಬಿಟ್ಟೆ: "ಜೆಟ್ ಬದಲಾಯಿಸಿದ್ದು ನಾನು."

"ಗೊತ್ತು. ಪೆಟ್ರೋಲಿಂದೂ ಬದಲಾಯಿಸ್ಬೇಕಿತ್ತು," ಎಂದು ಗೋಡೆ ಕಡೆ ತಿರುಗಿ ಮಲಗಿದ.

ಅಳಿಯನಿಗೂ ಮಗಳಿಗೂ ಈ ವಿಷಯ ಇದನ್ನು ಓದಿದಾಗಲೇ ತಿಳಿಯುವುದು. ನನ್ನ ಅಳಿಯನ ಜೀವಕ್ಕೆ ನಾನು ಗುಮ್ಮಣ್ಣನಿಗೆ ಋಣಿ. ಇನ್ನು ಮಡಚಲಾಗದ ಅವನ ಎರಡು ಬೆರಳಿಗೆ ನಾನೇ ಹೊಣೆ.