ಸಲ್ವಾ ದಾರಿಯ ಬಾವಿ

ಇವತ್ತು ಬೆಳಿಗ್ಗೆ ಈ ಕೊಲ್ಲಿ ದೇಶದ ವೆಸ್ಟ್ ಬೇ ಬಡಾವಣೆಯ ನಮ್ಮ ಆಫೀಸಿನಲ್ಲಿ ಯಾರೋ ಅರಬ್ಬಿ ಕಾಫಿಯ ಫ್ಲಾಸ್ಕ್ ತೆರೆದರು. ಏಲಕ್ಕಿಯ ಪರಿಮಳ ಮೂಗಿಗೆ ಬಡಿದದ್ದೇ ತಡ, ಅಬು ನಾಸರ್ ನೆನಪಾದರು. ಕೆಲಸ ಬಿಟ್ಟು ಕೂರಲು ನನ್ನಂಥ ಗುಮಾಸ್ತನಿಗೆ ಇನ್ನೇನು ನೆವ ಬೇಕು ಹೇಳಿ!

ಅವರು ನಮ್ಮ ಮಾಲೀಕ ನಾಸರ್ ಅವರ ತಂದೆ. ಕೆಲಸವೇನಿಲ್ಲದಿದ್ದರೂ ದಿನಾ ಬಂದು ನನ್ನೆದುರು ಕೂರುತ್ತಿದ್ದರು. ಅವರಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ನನ್ನ ಅರಬ್ಬಿಯೋ, 'ಯಲ್ಲಾ', 'ಖಲಾಸ್' ದಾಟಿರಲಿಲ್ಲ. ಅಷ್ಟರಲ್ಲೇ ನಮ್ಮ ಸ್ನೇಹ.

"ಈ ಏಲಕ್ಕಿ ನಿಮ್ಮದು," ಎನ್ನುವರು. "ನಿಮ್ಮ ಹಡಗು ದಡಕ್ಕೆ ತಂದು ಹಾಕಿತು. ಅಲ್ಲಿಂದ ಅಲ್ ಹಸಾದ ಖರ್ಜೂರದ ತೋಟಗಳವರೆಗೆ ಒಂಟೆ ಮೇಲೆ ಸಾಗಿಸಿದವರು ನಮ್ಮಪ್ಪ. ಬರುವಾಗ ಖರ್ಜೂರ."

ಮಂಗಳೂರಿನ ಬಂದರಿನಲ್ಲಿ ನಮ್ಮಜ್ಜ ಅರಬ್ಬಿ ಖರ್ಜೂರದ ಮೂಟೆ ಇಳಿಸುತ್ತಿದ್ದರೆಂದು ನಾನು ಹೇಳಿದ ದಿನ ಮುದುಕರು ಎದ್ದು ಬಂದು ನನ್ನ ಹಣೆಗೆ ಮುತ್ತಿಟ್ಟರು. ಇಡೀ ಆಫೀಸು ನೋಡುತ್ತಿತ್ತು. ನಾನು ನಾಚಿ ಪ್ರಿಂಟರಿನೊಳಗೆ ಇಲ್ಲದ ಕಾಗದ ಹುಡುಕತೊಡಗಿದೆ.

ಅವರಿಗಿದ್ದದ್ದು ಒಂದೇ ಆಸೆ. ಏಳು ವರ್ಷದವರಿದ್ದಾಗ ಅಪ್ಪನ ಜೊತೆ ಹೋಗಿದ್ದ, ಅಲ್ ಹಸಾದ ಕಡೆಗಿನ ಸಲ್ವಾ ದಾರಿಯಲ್ಲಿ ಒಂಟೆಗಳು ನೀರು ಕುಡಿಯುತ್ತಿದ್ದ ಬಾವಿಯನ್ನು ಮತ್ತೊಮ್ಮೆ ನೋಡಬೇಕು. "ಬಾಬಾ, ಅಲ್ಲೀಗ ಮಾಫಿ, ಏನೂ ಇಲ್ಲ," ಎಂದು ಮಗ ಫೋನೆತ್ತಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ನಾನೇ ನನ್ನ ಹಳೇ ಕಾರಿನಲ್ಲಿ ಕರೆದುಕೊಂಡು ಹೋದೆ. ಎರಡು ಗಂಟೆ ಅಲೆದೆವು. ನಾನು ಮ್ಯಾಪ್ ತೆಗೆದರೆ, "ಫೋನ್ ಇಡು, ನೆಲ ನೋಡು," ಎಂದು ಗದರಿದರು. ಕೊನೆಗೆ ಒಂದು ಕಲ್ಲುದಿಬ್ಬದ ಹಿಂದೆ ಇಳಿದು ಸರಸರ ನಡೆದರು. ಅಲ್ಲೊಂದು ಕಲ್ಲಿನ ಬಳೆ, ಒಳಗೆ ಬಾಯಿತನಕ ಮರಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮರಳಿಗೆ ಕೈಯಿಟ್ಟರು.

"ಅಪ್ಪ ಮೊದಲು ಒಂಟೆಗೆ ಕುಡಿಸಿ ಆಮೇಲೆ ನನಗೆ ಕೊಟ್ಟರು. ನಾನು ಅತ್ತೆ. ಅವರು ನಕ್ಕರು," ಎಂದರು. ಹೇಳುತ್ತ ತಾವೂ ನಕ್ಕರು; ಕಣ್ಣು ಮಾತ್ರ ತುಂಬಿತ್ತು. ವಾಪಸು ಬರುವಾಗ ತಿರುವುಗಳನ್ನೆಲ್ಲ ನನ್ನ ಬಾಯಿಂದ ಮೂರು ಸಲ ಹೇಳಿಸಿದರು. ಮುದುಕರ ಹಟವೆಂದು ನಾನೂ ಚರ್ಚಿನ ಪ್ರಾರ್ಥನೆಯ ಹಾಗೆ ಒಪ್ಪಿಸಿದೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಇವತ್ತು ಮಧ್ಯಾಹ್ನ ನಾಸರ್ ನನ್ನ ಮೇಜಿನ ಬಳಿ ಬಂದರು. ಏನೋ ಫೈಲು ಕೇಳುತ್ತಾರೆಂದು ಎದ್ದುನಿಂತೆ.

"ಕೊನೇತನಕ ಬಾಬಾನದು ಆ ಬಾವಿಯದೇ ಮಾತು," ಎಂದರು ಮೆಲ್ಲಗೆ. "ಮಕ್ಕಳಿಗೆ ತೋರಿಸಬೇಕು. ದಾರಿ ಗೊತ್ತಿರುವುದು ನಿನಗೊಬ್ಬನಿಗೇ."

ನಾಳೆ ಹೊರಡುತ್ತೇವೆ. ಮೂರು ಗಾಡಿಗಳು ನನ್ನ ಹಿಂದೆ ಬರುತ್ತವೆ. ಹೆದರಿಕೆಯಿಲ್ಲ ಎಂದರೆ ಸುಳ್ಳಾದೀತು. ಇಷ್ಟು ವರ್ಷ ಈ ದೇಶದಲ್ಲಿ ಯಾರೋ ಹೇಳಿದಲ್ಲಿಗೆ ಹೋಗಿ ಬಂದವನು ನಾನು. ನಾಳೆ ಮಾತ್ರ ಎಲ್ಲರಿಗಿಂತ ಮುಂದೆ ಹೋಗಬೇಕಾದವನು ನಾನೇ.