ಭಿಕ್ಷುವಿಗೇ ಬೌದ್ಧಧರ್ಮ ಹೇಳಹೊರಟು

ಜೆಬೆಲ್ ಅಲಿಯ ಎಕ್ಸಿಟ್ ಬೋರ್ಡು ಕಂಡಾಗಲೆಲ್ಲ ನನ್ನ ಹೆಂಡತಿ ಸಣ್ಣಗೆ ಕೆಮ್ಮುತ್ತಾಳೆ. ನಿನ್ನೆಯೂ ಕೆಮ್ಮಿದಳು. ಅದು ಶೀತದ ಕೆಮ್ಮಲ್ಲ ಎಂದು ಬಲ್ಲವನು ನಾನೊಬ್ಬನೇ, ನಿಮಗೂ ಹೇಳಿಬಿಡುತ್ತೇನೆ.

ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವನು ಚಮಿಂದ, ಶ್ರೀಲಂಕಾದವನು. ಹೋದ ವರ್ಷ ಪಾಸ್‌ಪೋರ್ಟನ್ನು ವೀಸಾ ರಿನ್ಯೂವಲ್‌ಗೆ ಕೊಟ್ಟಿದ್ದಾಗಲೇ ಅವನ ತಾಯಿ ತೀರಿಕೊಂಡದ್ದರಿಂದ, ಅವನಿಗೆ ಊರಿಗೆ ಹೋಗಲಾಗಲಿಲ್ಲ. ಆಕೆಯ ಹೆಸರಿನಲ್ಲಿ ಒಬ್ಬ ಭಿಕ್ಷುವಿಗೆ ಊಟ ಬಡಿಸುವ ದಾನವಷ್ಟೇ ಅವನ ಕೈಯಲ್ಲಿ ಉಳಿದಿತ್ತು. ಭಿಕ್ಷುಗಳು ಮಧ್ಯಾಹ್ನ ಹನ್ನೆರಡು ದಾಟಿದರೆ ಉಣ್ಣುವುದಿಲ್ಲ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಭಕ್ತರೊಬ್ಬರ ಮನೆಗೆ ಬಂದಿದ್ದ ಭಿಕ್ಷುವನ್ನು ಕರೆತರುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಬೌದ್ಧಧರ್ಮ ಏಷ್ಯಾದಲ್ಲೆಲ್ಲ ಹೇಗೆ ಹಬ್ಬಿತು ಎಂಬ ಬಗ್ಗೆ ಆಗಷ್ಟೇ ಅರ್ಧ ಪುಸ್ತಕ ಓದಿದ್ದೆ. ಪೂರ್ತಿ ಓದಿದವರು ಅಷ್ಟು ಮಾತಾಡುವುದಿಲ್ಲ.

ಭಿಕ್ಷು ಹಿಂದಿನ ಸೀಟಿನಲ್ಲಿ, ಹೆಂಡತಿ ನನ್ನ ಪಕ್ಕದಲ್ಲಿ. ಕಾರು ಹೆದ್ದಾರಿಗೆ ಬಂದದ್ದೇ ನನ್ನ ಆಫೀಸು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಹಿಂದಿನ ಕಾಲದಲ್ಲಿ ಚೀನಾದತ್ತ ಮರಳುಗಾಡು ದಾಟುತ್ತಿದ್ದ ಭಿಕ್ಷುಗಳಿಗೆ ಸತ್ತವರ ಮೂಳೆಗಳೇ ದಾರಿಯ ಗುರುತಂತೆ. ಚೀನಾ ತಲುಪಿದ ಮೇಲೆ ಅನುವಾದ ಹೇಗೆಂದರೆ, ಬಾಯಿಪಾಠವಾಗಿದ್ದ ಸೂತ್ರವನ್ನು ಒಬ್ಬರು ಒಪ್ಪಿಸುವುದು, ಎರಡೂ ಭಾಷೆ ಬಲ್ಲವರೊಬ್ಬರು ಅರ್ಥ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು, ಮತ್ತೊಬ್ಬರು ತಿದ್ದುವುದು. ಇದನ್ನೆಲ್ಲ ಹೇಳುತ್ತಿದ್ದದ್ದು ಚಿಕ್ಕಂದಿನಿಂದ ಸೂತ್ರಗಳನ್ನೇ ಪಠಿಸಿಕೊಂಡು ಬಂದವರಿಗೆ. ಅವರು ತಲೆಯಾಡಿಸುತ್ತಿದ್ದರು. ನಾನದನ್ನು ಮೆಚ್ಚುಗೆ ಎಂದುಕೊಂಡೆ.

“ರೀ, ನಮ್ಮ ಎಕ್ಸಿಟ್ ಹೋಯ್ತು,” ಎಂದಳು ಹೆಂಡತಿ.

“ಒಂದ್ನಿಮಿಷ ಇರೇ, ಅನುವಾದ ಮುಗೀಲಿ.”

ಅನುವಾದ ಮುಗಿಯುವಷ್ಟರಲ್ಲಿ ನಾವು ಜೆಬೆಲ್ ಅಲಿಯ ಗೋದಾಮುಗಳ ನಡುವೆ, ಕಂಟೇನರ್ ಲಾರಿಗಳ ಹಿಂದೆ ನಿಂತಿದ್ದೆವು. ಒಳಗೆ ಬರುವ ರಸ್ತೆ ಖಾಲಿ, ಹೊರಗೆ ಹೋಗುವುದು ಪೂರ್ತಿ ಜಾಮ್; ಹನ್ನೆರಡರೊಳಗೆ ಮನೆ ಸೇರುವಂತಿರಲಿಲ್ಲ. ಒಬ್ಬ ಮಗ ತಾಯಿಗಾಗಿ ಮಾಡಬಹುದಾಗಿದ್ದ ಒಂದೇ ಕೆಲಸವನ್ನು ನನ್ನ ಬಾಯಿಚಪಲ ಕೆಡಿಸಿತ್ತು. ಭಯವಾಯಿತು. ಹೆಂಡತಿ ನನ್ನನ್ನು ಏನೂ ಕೇಳದೆ ಚಮಿಂದನಿಗೆ ಫೋನ್ ಮಾಡಿ, ಊಟ ಕಟ್ಟಿಕೊಂಡು ಇಲ್ಲಿಗೇ ಬನ್ನಿ ಎಂದಳು.

ಅವನು ಬಂದ. ಪೆಟ್ರೋಲ್ ಬಂಕಿನ ಹಿಂದೆ, ನೆರಳಿದ್ದ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಕೆಂಪಕ್ಕಿ ಅನ್ನ, ಹಲಸಿನಕಾಯಿ ಪಲ್ಯ ಬಡಿಸಿದ. ಮಧ್ಯಾಹ್ನಕ್ಕೆ ಮುಂಚೆಯೇ ಊಟ ಮುಗಿಯಿತು. ಭಿಕ್ಷು ಸಿಂಹಳದಲ್ಲಿ ನಾಲ್ಕು ಮಾತು ಹೇಳಿದರು. ಚಮಿಂದ ನಮಗಾಗಿ ಇಂಗ್ಲಿಷಿನಲ್ಲಿ ಹೇಳುತ್ತ ಹೋಗಿ, ತಾಯಿಯ ಹೆಸರು ಬಂದಲ್ಲಿ ನಿಂತುಬಿಟ್ಟ. ಮುಂದಿನ ಅರ್ಥವನ್ನು ಯಾರೂ ಕೇಳಲಿಲ್ಲ, ನಾನು ಕೂಡ.

ಆಮೇಲೆ ಕ್ಷಮೆ ಕೇಳಲು ಹೋದರೆ, ಅವನು ರಸ್ತೆಯಾಚೆಯ ನೀಲಿ ಗೋದಾಮಿನ ಕಡೆ ಕೈ ತೋರಿಸಿದ.

“ನಾನು ಕೆಲಸ ಮಾಡೋದು ಅಲ್ಲೇ. ಎಂಥ ಜಾಗ ಅದು ಅಂತ ಅಮ್ಮ ಫೋನಲ್ಲಿ ಕೇಳ್ತಾನೇ ಇದ್ರು. ಇವತ್ತು ಬಂದು ನೋಡಿದ ಹಾಗಾಯ್ತು.”

ನಾನು ಬೆಂಚಿನ ಮೇಲಿನ ಬಿಳಿ ಬಟ್ಟೆ ಮಡಿಸತೊಡಗಿದೆ. ನನಗೆ ಮಾತು ಹೊರಡದೆ ಇದ್ದದ್ದು ಅದೇ ಮೊದಲು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಈ ವರ್ಷದ ದಾನವೂ ಅದೇ ಬಂಕಿನ ಹಿಂದೆಯಂತೆ, ಭಿಕ್ಷುವನ್ನು ನಾನೇ ಕರೆತರಬೇಕಂತೆ. ಒಪ್ಪಿಕೊಂಡಿದ್ದೇನೆ. ದಾರಿ ತಪ್ಪದೆ ಅಲ್ಲಿಗೆ ಹೋಗುವುದು ಹೇಗೆಂದು ಮಾತ್ರ ನನಗೆ ಇನ್ನೂ ಗೊತ್ತಿಲ್ಲ.