ಹಾಲಿನ ಲೋಟದಲ್ಲಿ ಸುನೀಲನ ಹಲ್ಲು

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಜಗನ್ ಹರಾಜು ಕೂಗಲು ನಿಂತರೆ ಗೇಟಿನಾಚೆ ಬಸ್ಸಿನಲ್ಲಿ ಕೂತವರೂ ತಿರುಗಿ ನೋಡುತ್ತಿದ್ದರು. ಗಂಟಲು ಅಂಥದ್ದು, ಕೈ ಅದಕ್ಕಿಂತ ಮುಂದೆ. ತೂಕದ ಮಾತು ಬಂದು ಒಬ್ಬ ಲಾರಿಯವನ ಮೂಗು ಮುರಿದಿದ್ದ. ಸ್ವಂತ ಚಿಕ್ಕಪ್ಪನ ಮಗನನ್ನು ಕ್ರೇಟುಗಳ ಮೇಲೆ ಎತ್ತಿ ಬಿಸಾಕಿದ್ದ. "ನನ್ನ ಮಗನಿಗೆ ಸಿಟ್ಟು ಬಂದ್ರೆ ಕಣ್ಣೇ ಕಾಣಲ್ಲ ಕಣಮ್ಮ" ಎಂದು ಕೆಂಚಾರ್ಲಹಳ್ಳಿಯಲ್ಲಿದ್ದ ಅವನ ತಾಯಿ ಮುನಿಶಾಮಮ್ಮ ಸೊಸೆ ಕಲ್ಯಾಣಿಗೆ ಮದುವೆಯ ಹೊಸತರಲ್ಲೇ ಹೇಳಿಟ್ಟಿದ್ದಳು.

ಮೀಸೆ ಚಿಗುರಿದಾಗಿನಿಂದ ಅವನಿಗೆ ಸಿಗರೇಟು. ಮಗಳಿಗೆ ಉಬ್ಬಸ ಶುರುವಾದ ಮೇಲೆ ಕಲ್ಯಾಣಿ ಬಿಡಲೇಬೇಕೆಂದು ಹಟ ಹಿಡಿದಳು. ಮಂಡಿಯೆದುರು ಮೊಬೈಲ್ ಅಂಗಡಿ ಇಟ್ಟಿದ್ದ ಗೆಳೆಯ ಸುನೀಲ್, ಕಳ್ಳದಾರಿಯಲ್ಲಿ ಬಂದ ವೇಪೊಂದನ್ನು, ಅಂದರೆ ಬ್ಯಾಟರಿ ಸಿಗರೇಟನ್ನು, ಕೌಂಟರಿನಡಿಯಿಂದ ತೆಗೆದುಕೊಟ್ಟ.

"ಹೊಗೆ ಅಲ್ಲ ಮಗಾ ಇದು, ಬರೀ ಆವಿ. ಮಾವಿನಹಣ್ಣಿನ ಫ್ಲೇವರ್."

ಜಗನ್‌ನ ಕೆಮ್ಮು ಕಡಿಮೆಯಾಯಿತು. ಆದರೆ ಬಾಯಿ ಸದಾ ಒಣಗತೊಡಗಿತು. ಬ್ರಶ್ ಕೆಂಪಾಗತೊಡಗಿತು. ರಕ್ತ ಕಂಡು ಜಗನ್ ಹಲ್ಲುಜ್ಜುವುದನ್ನೇ ಬಿಟ್ಟು, ಬೆರಳಿಗೆ ಉಪ್ಪು ಹಚ್ಚಿ ಸವರಿಕೊಂಡು ಎದ್ದುಬಿಡುತ್ತಿದ್ದ. "ಸಂಘಮಿತ್ರಕ್ಕನ ಹತ್ರ ತೋರ್ಸಿ ಅಂದ್ರೆ ಕೇಳಲ್ವಲ್ಲ" ಎಂದು ಕಲ್ಯಾಣಿ ಗೋಗರೆದಳು. ಸಂಘಮಿತ್ರ ಜಗನ್‌ನ ಊರಿನವಳೇ, ಓದಿ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ದಂತ ಚಿಕಿತ್ಸಾಲಯ ತೆರೆದಿದ್ದಳು. ಜಗನ್ ಸುನೀಲನನ್ನು ಕೇಳಿದ. "ಸಿಗರೇಟ್ ಬಿಟ್ಟೋರಿಗೆಲ್ಲ ಹಂಗೇ ಆಗ್ತದೆ, ಸುಮ್ನಿರೋ" ಎಂದ ಅವನು.

ಒಂದು ಬೆಳಿಗ್ಗೆ ಹರಾಜು ಜೋರಾಗಿದ್ದಾಗ ಜಗನ್‌ನ ಬಾಯಿಂದ ಬೆಲೆಯ ಜೊತೆಗೇ ರಕ್ತ ಚಿಮ್ಮಿ ಮುಂದಿನ ಕ್ರೇಟಿನ ಮೇಲೆ ಬಿತ್ತು. "ಏಮಪ್ಪಾ, ಕಾಯಿಗೆ ಬಣ್ಣ ಹಚ್ತಾ ಇದ್ದೀಯಾ?" ಎಂದು ಮದನಪಲ್ಲಿಯ ವ್ಯಾಪಾರಿಯೊಬ್ಬ ಕೂಗಿದ. ಇಡೀ ಮಂಡಿ ನಕ್ಕಿತು.

ಜಗನ್ ನೇರವಾಗಿ ರಸ್ತೆ ದಾಟಿದ. ಸುನೀಲ್ ಅರ್ಧ ಎತ್ತಿದ ಶಟರಿನಡಿ ಬಗ್ಗಿ ನಿಂತಿದ್ದ. ತಲೆಯೆತ್ತಿದವನ ಮುಖಕ್ಕೆ ಮುಷ್ಟಿ ಬಿತ್ತು. ಎರಡನೆಯ ಏಟಿಗೆ ಗಾಜಿನ ಕೌಂಟರು ಒಡೆದು ಇಬ್ಬರೂ ಚೂರುಗಳ ಮೇಲೇ ಉರುಳಿದರು. "ಆವೀನಾ? ಆವಿ ಏನೋ ಬೋಳಿಮಗನೆ?" ಎನ್ನುತ್ತ ಜಗನ್ ಅವನನ್ನು ಕುತ್ತಿಗೆಪಟ್ಟಿ ಹಿಡಿದು ರಸ್ತೆಗೆಳೆದು, ಕೊಳೆತ ಟೊಮೆಟೊ ರಾಶಿಗೆ ಮುಖ ಒತ್ತಿದ. ಸುನೀಲನ ಕೈಗೆ ಶಟರೆಳೆಯುವ ಕಬ್ಬಿಣದ ಸರಳು ಸಿಕ್ಕಿತು. ಬೀಸಿದ. ಏಟು ಜೋರಿನದೇನಲ್ಲ, ದವಡೆಗೆ ತಾಗಿತಷ್ಟೆ. ಅಷ್ಟಕ್ಕೇ ಜಗನ್‌ನ ಕೆಳಗಿನ ಎರಡು ಹಲ್ಲು ಹುರಿದ ಕಡಲೆಯಂತೆ ಅಂಗೈಗೆ ಉದುರಿದವು. ಅವನು ಹೊಡೆಯುವುದನ್ನೇ ಮರೆತು ಅವನ್ನು ನೋಡುತ್ತ ಕೂತ.

ಸುನೀಲನ ಹೆಂಡತಿ ಪವಿತ್ರ ಓಡಿಬಂದಳು. ಗಂಡನ ಬಾಯಲ್ಲಿ ಮುಂದಿನ ಹಲ್ಲಿರಲಿಲ್ಲ. ಅವಳು ಸಂಘಮಿತ್ರಳಿಗೆ ಫೋನ್ ಹಚ್ಚಿದಳು. "ಹಲ್ಲು ಹುಡುಕಿ. ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಲ್ಲಿ ಹಾಕ್ಕೊಂಡು ಈಗಲೇ ಬನ್ನಿ" ಎಂದಿತು ಆ ಕಡೆಯ ದನಿ.

ಪವಿತ್ರ ಜಗನ್‌ನ ಕಡೆ ತಿರುಗಿದಳು. "ಉದುರಿಸಿದೋನು ನೀನೇ ತಾನೆ? ಹುಡುಕು."

ಊರೆಲ್ಲ ನೋಡುತ್ತಿರಲು ಜಗನ್ ರಸದ ಕೆಸರಿನಲ್ಲಿ ಮೊಣಕಾಲೂರಿ ತಡಕಾಡಿದ. ಗಾಜು ಬೆರಳು ಕೊಯ್ಯಿತು. ಹಲ್ಲು ಸಿಕ್ಕಿತು. ಟೀ ಅಂಗಡಿಯ ತಣ್ಣನೆ ಹಾಲಿನ ಲೋಟದಲ್ಲಿ ಅದನ್ನಿಟ್ಟುಕೊಂಡು ಅವರ ಹಿಂದೆಯೇ ಓಡಿದ.

ಸಂಘಮಿತ್ರ ಸುನೀಲನ ಹಲ್ಲನ್ನು ಗೂಡಿಗೆ ಕೂಡಿಸಿ ಪಕ್ಕದವಕ್ಕೆ ತಂತಿಯಿಂದ ಬಿಗಿದಳು. ಆಮೇಲೆ ಜಗನ್ ತನ್ನೆರಡನ್ನೂ ಮುಂದಿಟ್ಟ. "ಇವನ್ನೂ ಕೂಡ್ಸಮ್ಮ."

"ಎಲ್ಲಿಗೆ ಕೂಡ್ಸಲಿ ಜಗಣ್ಣ? ಒಳಗೆ ಮೂಳೆನೇ ಕರಗೋಗಿದೆ. ಆ ಏಟು ಬೀಳ್ದೆ ಇದ್ರೂ ಇವು ಬೀಳ್ತಿದ್ವು."

"ಎಲ್ಲಾ ಅವನು ಕೊಟ್ಟ ಆ ದರಿದ್ರದ್ದರಿಂದ."

"ಅದೊಂದರಿಂದ್ಲೇ ಅಲ್ಲ. ರೋಗ ಸಿಗರೇಟಿನ ಕಾಲದ್ದು. ಹೊಗೆ ಒಸಡಿನ ರಕ್ತಾನ ತಡೆದು ಅದನ್ನ ಮುಚ್ಚಿಟ್ಟಿತ್ತು. ವೇಪು ಬಾಯಿ ಒಣಗಿಸ್ತು, ಗಾಯ ಮಾಯೋಕೆ ಬಿಡ್ಲಿಲ್ಲ. ರಕ್ತ ಬಂದಾಗ ನನ್ನ ಹತ್ರ ಬರೋದು ಬಿಟ್ಟು ಉಜ್ಜೋದೇ ನಿಲ್ಸಿದ್ಯಲ್ಲ, ಅದ್ಯಾರ ತಪ್ಪು?"

ಜಗನ್ ಬಾಯಿಗೆ ಹತ್ತಿಯೊತ್ತಿಕೊಂಡು ಕುರ್ಚಿಗೆ ಒರಗಿದ.

ಒಸಡಿನಡಿ ಹಲ್ಲಿಗೆ ಗಾರೆಯಂತೆ ಗಟ್ಟಿಯಾಗಿದ್ದ ಕೊಳೆ ಕೆರೆಯುವುದು ವಾರಗಟ್ಟಲೆ ನಡೆಯಿತು. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಒಮ್ಮೆ ಅವನ ಮುಷ್ಟಿ ತಾನಾಗಿ ಮೇಲೆದ್ದು ಅವಳ ಕನ್ನಡಕದ ಹತ್ತಿರ ನಿಂತಿತು. "ಕೈ ಕೆಳಗೆ" ಎಂದಳು ಅವಳು, ಕದಲದೆ. ಇಳಿಸಿದ. ವೇಪು ಬಿಡುವುದು ಇನ್ನೂ ಕಷ್ಟವಾಯಿತು. ಒಂದು ದಿನ ಅನ್ನದ ತಟ್ಟೆ ಗೋಡೆಗೆ ಅಪ್ಪಳಿಸಿದ. ಕಲ್ಯಾಣಿ ಮಗಳನ್ನೆತ್ತಿಕೊಂಡು ಕೈವಾರದ ತವರಿಗೆ ಹೋದಳು. ಅವನ ಒಸಡು ಗುಲಾಬಿ ಬಣ್ಣಕ್ಕೆ ತಿರುಗುವ ಹೊತ್ತಿಗಷ್ಟೇ ಮರಳಿದಳು. ಈಗ ಮೆತ್ತನೆ ಬ್ರಶ್ಶಿನಲ್ಲಿ ಎರಡು ಹೊತ್ತು ಉಜ್ಜುತ್ತಾನೆ. ಮಂಡಿಗೆ ನೀರಿನ ಬಾಟಲಿ ಒಯ್ಯುತ್ತಾನೆ. ಕೂಗುವಾಗ ಕಟ್ಟಿಸಿಕೊಂಡ ಹಲ್ಲು ಸ್ವಲ್ಪ ಶಿಳ್ಳೆ ಹಾಕುತ್ತದೆ.

ಸುನೀಲ್ ಕೊಟ್ಟ ದೂರಿನ ಕೇಸು ನಡೆದೇ ಇದೆ. ಈಚೆಗೆ ಸಂಘಮಿತ್ರಳ ಬಾಗಿಲಲ್ಲಿ ಇಬ್ಬರೂ ಎದುರಾದರು. "ಹೆಂಗಿದೆಯೋ ಹಲ್ಲು?" ಎಂದು ಜಗನ್ ಕೇಳಿದ.

"ಗಟ್ಟಿಯಾಗಿದೆ" ಎಂದ ಸುನೀಲ್. "ನೀನು ಮಾತ್ರ ನನ್ನಂಗ್ಡಿ ಮೆಟ್ಲು ಹತ್ಬೇಡ."

"ಆಯ್ತು" ಎಂದು ಜಗನ್ ಅವನಿಗೆ ದಾರಿ ಬಿಟ್ಟ.